ಮೊಳೆ ಹೊಡೆಯುವ ಮುನ್ನ

ಪಕ್ಕದ ಮನೆಯ ವೆಂಕಟಸ್ವಾಮಿ ಗೋಡೆಗೆ ಮೊಳೆಯಿಟ್ಟು ಸುತ್ತಿಗೆ ಎತ್ತಿದ್ದ. ನೀಲಮ್ಮ ಅವನ ಕೈ ತಡೆದಳು.

"ತಡೀಪ್ಪಾ. ಈ ಗೋಡೆ ಇನ್ನೂ ನಮ್ಮದಾಗಿಲ್ಲ."

ಅವನು, ಪಾಪ, ಕಕ್ಕಾಬಿಕ್ಕಿಯಾದ. ನೀಲಮ್ಮನ ಗಂಡ ಸಿದ್ದಬಸಪ್ಪ ಬೆಳಗಿನ ಜಾವ ತೀರಿಕೊಂಡಿದ್ದ. ಲಿಂಗಾಯತರ ಪದ್ಧತಿಯಂತೆ ದೇಹವನ್ನು ಕೂರಿಸಿ, ವಾಲದಂತೆ ಬಟ್ಟೆಯಿಂದ ಗೋಡೆಯ ಮೊಳೆಗೆ ಕಟ್ಟಬೇಕು. ಆದರೆ ಗೋವಿಂದರಾಜನಗರದ ಆ ಮನೆ ಸೊಸೈಟಿಯ ಸಾಲಕ್ಕೆ ಹರಾಜಾಗಿ ಅಂದಿಗೆ ಮೂವತ್ತನೇ ದಿನ. ಬಾಕಿಯ ಜೊತೆಗೆ ಕೊಂಡವನಿಗೆ ಹರಾಜಿನ ಬೆಲೆಯ ಮೇಲೆ ನೂರಕ್ಕೆ ಐದರಂತೆ ಸೇರಿಸಿ ಅಂದೇ ಕಟ್ಟಿದರೆ ಹರಾಜು ರದ್ದು, ಮನೆ ವಾಪಸು. ಮರುದಿನಕ್ಕೆ ಆ ಹಕ್ಕಿಲ್ಲ. ಊರ ಹೊಲ ಮಾರಿದ ಹಣ ಕಟ್ಟಲು ಮಗಳು ಅನಘಾ ಅಳುತ್ತಲೇ ಸೊಸೈಟಿಗೆ ಹೋಗಿದ್ದಳು.

"ಐದು ತಾಸಾತು," ಸಿದ್ದಬಸಪ್ಪನ ಅಕ್ಕ ಶಂಕ್ರವ್ವ ರೇಗಿದಳು. "ಮೈ ಸೆಟದ ಮ್ಯಾಲೆ ಹ್ಯಾಂಗ ಕೂಡ್ರಸ್ತೀ? ಜೀವಾ ಹೋದವಗ ಯಾರ ಗ್ವಾಡಿ ಆದ್ರೇನ?"

"ನಿಂತೇ ಸವದಾರ ಅಕ್ಕಾ. ಒಂದಿನಾರ ಸ್ವಂತ ಮನ್ಯಾಗ ಕೂಡ್ರಲಿ."

ಧೂಪದ ಹೊಗೆಯಲ್ಲಿ ಕೋಣೆ ಮೆಲ್ಲಗೆ ತೇಲುತ್ತಿತ್ತು. ಮಾಗಡಿ ರಸ್ತೆಯ ಬಸ್ಸುಗಳ ಸದ್ದು ದೂರದಲ್ಲೆಲ್ಲೋ ನೀರು ಹರಿದ ಹಾಗೆ ಕೇಳುತ್ತಿತ್ತು. ನೀಲಮ್ಮ ಗಂಡನ ಪಾದ ಒತ್ತುತ್ತ ಕೂತಳು.

*

ಮಾರೇನಹಳ್ಳಿಯ ತನ್ನ ಖಾನಾವಳಿಯಲ್ಲಿ ಇಪ್ಪತ್ತೆಂಟು ವರ್ಷ ಬಡಿಸಿದವನು ಸಿದ್ದಬಸಪ್ಪ. ಬಂದವರಿಗೆಲ್ಲ "ಕೂಡ್ರಿ, ಕೂಡ್ರಿ" ಎಂಬ ಉಪಚಾರ. ತಾನು ಮಾತ್ರ ಒಲೆಯ ಪಕ್ಕ ನಿಂತೇ ರೊಟ್ಟಿ ಮುರಿಯುತ್ತಿದ್ದ. ಲಾಕ್‌ಡೌನಿನಲ್ಲಿ ಖಾನಾವಳಿ ಮುಚ್ಚಿತು, ಸಾಲ ಬೆಳೆಯಿತು. ಹರಾಜಿನ ನೋಟೀಸು ಅಂಟಿಸಲು ಬಂದವನಿಗೂ ಈ ಮಹಾನುಭಾವ ರೊಟ್ಟಿ, ಮೊಸರು, ಶೇಂಗಾ ಚಟ್ನಿ ಹಾಕಿಯೇ ಕಳಿಸಿದ್ದ! ನೀಲಮ್ಮ ಸಿಡುಕಿದಾಗ, "ಪಾಪ, ಹಸದಿದ್ದ" ಎಂದಿದ್ದ.

*

ಹನ್ನೊಂದರ ಸುಮಾರಿಗೆ ಹಾರ ಹಿಡಿದು ಬಂದವನು ವಿಶ್ವಾರಾಧ್ಯ, ಹರಾಜಿನಲ್ಲಿ ಮನೆ ಕೊಂಡವನು. ಬೂಟುಗಾಲಿನಲ್ಲೇ ನಡುಮನೆಗೆ ನುಗ್ಗಿದ. ಒಂದು ತಿಂಗಳಿಂದ ಅಳತೆ ಟೇಪು ಹಿಡಿದು ಹಾಗೇ ಬಂದು ರೂಢಿ. ಇನ್ನೂ ಮೊಳೆ ಹೊಡೆಯದೆ ಕೂತಿದ್ದಾರೆಂದು ತಿಳಿದು ಮಾತ್ರ ನಿಜಕ್ಕೂ ಮರುಗಿದ.

"ಅಯ್ಯೋ, ಮೊಳೆ ಹೊಡೀರಮ್ಮ. ನಾನೇನು ಬೇಡ ಅಂತೀನಾ?"

"ನಿಮ್ಮನ್ನ ಕೇಳಬಾರದು ಅಂತಲೇ ಕಾಯ್ತಾ ಇದೀನಿ, ಸಾರ್."

ಅವನು ಹಾರ ಹಿಡಿದುಕೊಂಡೇ ಬೀದಿಗಿಳಿದ.

ಅಷ್ಟರಲ್ಲಿ ಅನಘಾಳ ಫೋನು. "ಕಟ್ಟಿದೆ ಅಮ್ಮಾ. ರಸೀದಿನೂ ಕೊಟ್ರು. ಅಪ್ಪನ್ನ ಕೂರಿಸ್ರಿ, ಬರ್ತಾ ಇದೀನಿ."

ದುಃಖವೂ ಸಂತೋಷವೂ ಒಟ್ಟಿಗೇ ಉಕ್ಕಿ ಬಂದು ನೀಲಮ್ಮ ಬೆಳಗಿನಿಂದ ಮೊದಲ ಸಲ ಗಟ್ಟಿಯಾಗಿ ಅತ್ತಳು. ವೆಂಕಟಸ್ವಾಮಿಯ ಸುತ್ತಿಗೆಯೇಟಿಗೆ ಗೋಡೆಯ ಸುಣ್ಣ ಉದುರಿತು. ಬಿಸಿನೀರು ಹಾಕಿ, ಕೈಕಾಲು ತಿಕ್ಕಿ ತಿಕ್ಕಿ ಸಡಿಲಿಸಿ, ಸಿದ್ದಬಸಪ್ಪನನ್ನು ಬಾಗಿಲಿಗೆ ಮುಖಮಾಡಿ ಕೂರಿಸಿದರು. ಹಣೆ ತುಂಬ ವಿಭೂತಿ, ತಲೆಗೆ ಪೇಟ. ಕಿಟಕಿಯ ಬಿಸಿಲು ಅವನ ಮಡಿಲಿಗೆ ಬಂತು.

ವಿಶ್ವಾರಾಧ್ಯ ಹಾರ ಹಿಡಿದು ಮತ್ತೆ ಬಂದ. ಹೊಸ್ತಿಲಾಚೆಯೇ ಬೂಟು ಕಳಚಿ, ಕೂತವನನ್ನು ನೋಡುತ್ತ ನಿಂತುಬಿಟ್ಟ.

"ಯಜಮಾನ್ರೇ, ಒಳಗೆ ಬರ್ಲಾ?"

ಏನನ್ನುತ್ತಾನೋ ಎಂದು ನೀಲಮ್ಮನೂ ಗಂಡನ ಮುಖ ನೋಡಿದಳು.