ಕತ್ತಿನ ಗುಂಡಿ

ಅದೇ ಕೆಮ್ಮು, ಮೆಟ್ಟಿಲ ಕೆಳಗಿನಿಂದ ಬರುತ್ತಿದೆ, ಮೊದಲು ಸಣ್ಣದೊಂದು, ಅದರ ಬೆನ್ನಿಗೇ ದೊಡ್ಡದೊಂದು, ಸಂತೆಯ ಗದ್ದಲದಲ್ಲಿ ಕೇಳಿದರೂ ಗುರುತು ಹಿಡಿದೇನು, ಹಾಗಾದರೆ ಬಂದೇಬಿಟ್ಟರು ನಮ್ಮ ಬೀಗರು, ಬರಲಿಕ್ಕಿಲ್ಲ ಅಂದುಕೊಂಡಿದ್ದೆ, ನಿನ್ನ ಪದಕ ನಿನ್ನದಲ್ಲ, ನನ್ನದು ಅಂತ ಸೊಸೆಯ ಅಪ್ಪನಾದ ನಾನೇ ಅರ್ಜಿ ಹಾಕಿ ಕೂತಿರುವಾಗ ಅದರ ವಿಚಾರಣೆಗೆ ಯಾವ ಮನುಷ್ಯ ಇಸ್ತ್ರಿ ಅಂಗಿ ತೊಟ್ಟು ಬರುತ್ತಾನೆ, ಬಂದಿದ್ದಾನಲ್ಲ ನೋಡು, ಬಿಳಿ ಅಂಗಿ, ಬೂಟಿಗೆ ಪಾಲಿಶು, ಈ ವಯಸ್ಸಿನಲ್ಲೂ ತಲೆ ತುಂಬ ಕೂದಲು, ಅದೂ ಅವನಿಗೇ, ಎಲ್ಲ ಅವನಿಗೇ — ಬೆಂಚಿನ ಮೇಲೆ ಇಷ್ಟೊಂದು ಜಾಗ ಖಾಲಿ ಬಿದ್ದಿದೆ, ಆ ತುದಿಯಲ್ಲಿ ಕೂರಬಹುದಿತ್ತು, ಇಲ್ಲ, ನನ್ನ ಪಕ್ಕಕ್ಕೇ ಬಂದು ಕೂತ, ಏನ್ ಬೀಗ್ರೇ, ಬೇಗ ಬಂದ್ಬಿಟ್ರಾ, ತಿಂಡಿ ಆಯ್ತಾ ಅಂದ, ಆಯ್ತು ಬೀಗ್ರೇ, ತಮ್ದು ಅಂದೆ, ನಮ್ದೂ ಆಯ್ತು, ನಿಮ್ಮ ಮಗಳೇ ಬೆಳಿಗ್ಗೆ ಎದ್ದು ಮಾಡ್ಕೊಟ್ಳು ಅಂದ, ಅಂದರೆ ನನ್ನ ಮಗಳ ಕೈಯ ತಿಂಡಿ ತಿಂದು ನನ್ನ ಮೇಲೆ ಸಾಕ್ಷಿ ಹೇಳಲು ಬಂದಿದ್ದಾನೆ, ಎಂಥ ಗುಂಡಿಗೆ ಇದ್ದೀತು. ಒಂದೇ ತಟ್ಟೆಯಲ್ಲಿ ಉಂಡವರು ನಾವು, ಲೋ ಅಂದರೆ ಏನೋ ಅನ್ನುತ್ತಿದ್ದವರು, ಅವನ ಮಗ ನನ್ನ ಮಗಳನ್ನು ಮೆಚ್ಚಿ ಮದುವೆಯಾದ ದಿನದಿಂದ ಬನ್ನಿ, ಕೂರಿ, ತಾವು, ತಮ್ಮದು, ಬಾಯಲ್ಲಿ ಅಷ್ಟೂ ಮರ್ಯಾದೆ, ಹೊಟ್ಟೆಯೊಳಗೆ ಮಾತ್ರ ನಾನು ಇವತ್ತಿಗೂ ಅವನನ್ನು ಅವನು ಅಂತಲೇ ಅನ್ನುವುದು, ಅಲ್ಲಿ ತಿದ್ದುವವರು ಯಾರೂ ಇಲ್ಲ.

ತಲೆಯ ಮೇಲೆ ಫ್ಯಾನು ಓಲಾಡುತ್ತಿದೆ, ಇದು ಸೈನಿಕರ ದಾಖಲೆ ಕಚೇರಿಯಂತೆ, ಒಂದು ಫ್ಯಾನು ನೆಟ್ಟಗಿಲ್ಲ, ಬೀಳುವುದಾದರೆ ಅವನ ಮೇಲೆ ಬೀಳಲಿ, ಛೆ ಛೆ, ಮಗಳ ಮಾವ, ಬಿಡ್ತು ಅನ್ನಬೇಕು, ಬೀಳುವುದೇನೂ ಬೇಡ, ಗಾಳಿಯಾದರೂ ನನ್ನ ಕಡೆ ಬೀಸಲಿ, ಅದೂ ಅವನ ಕೂದಲನ್ನೇ ಹಾರಿಸುತ್ತಿದೆ. ಅವನ ಮನೆಯ ನಡುಮನೆಯಲ್ಲಿ ಗಾಜಿನ ಬೀರು, ಅದರೊಳಗೆ ನೀಲಿ ಮಖಮಲ್ಲು, ಮಖಮಲ್ಲಿನ ಮೇಲೆ ಅದು, ಅದಕ್ಕೆಂದೇ ಒಂದು ಪುಟ್ಟ ಬಲ್ಬು ಬೇರೆ, ನಾನು ಮಗಳನ್ನು ನೋಡಲು ಹೋದಾಗಲೆಲ್ಲ ಅದರ ಎದುರಿನ ಕುರ್ಚಿಯೇ ನನಗೆ, ಕೂರಿ ಬೀಗ್ರೇ ಅನ್ನುತ್ತಾನೆ, ಕಾಫಿ ಬರುತ್ತದೆ, ನಾನು ಲೋಟ ನೋಡುತ್ತಾ ಕುಡಿಯುತ್ತೇನೆ, ಲೋಟದ ಹೊಳಪಿನಲ್ಲೂ ಅದೇ ಕಾಣುತ್ತದೆ. ಮೊಮ್ಮಗಳು ಅವನನ್ನು ಕರೆಯುವುದು ಬಿಲ್ಲೆ ತಾತ, ನಾನು ಬಸ್ಸಿನಲ್ಲಿ ಬಂದಿಳಿಯುತ್ತೇನೆಂದು ಬಸ್ ತಾತ, ಬಸ್ ತಾತ ಬಂದ, ಬಸ್ ತಾತ ಹೋದ, ನಾನೇನು ಕಂಡಕ್ಟರನೇ, ಮಗುವಿಗೆ ಏನು ಗೊತ್ತು, ಆದರೂ ಮೈಯೆಲ್ಲ ಉರಿಯುತ್ತದೆ, ಸುಳ್ಳು ಯಾಕೆ ಹೇಳಲಿ, ಅವನ ಅಂಗಿ ಕಂಡರೆ ಉರಿ, ಅವನ ನಗು ಕೇಳಿದರೆ ಉರಿ, ಅವನು ಕೆಮ್ಮಿದರೂ ನನಗಿಂತ ಗಟ್ಟಿಯಾಗಿ ಕೆಮ್ಮಿದನಲ್ಲ ಅಂತ ಉರಿ, ನಿಮ್ಮ ಹೊಟ್ಟೆ ಮೇಲೆ ಒಂದು ಪಾತ್ರೆ ಇಟ್ಟಿದ್ರೆ ನಮ್ಮನೆ ಗ್ಯಾಸಾದ್ರೂ ಉಳೀತಿತ್ತು ಅನ್ನುತ್ತಾಳೆ ನನ್ನ ಹೆಂಡತಿ, ಅನ್ನಲಿ, ಅವಳ ಕಾಲ್ಬೆರಳು ನೆಟ್ಟಗಿವೆ. ಮೊನ್ನೆ ಮೊನ್ನೆ ಆಸ್ಪತ್ರೆ ಕಾರ್ಡಿಗೆಂದು ನನ್ನ ಸೇವೆಯ ದಾಖಲೆ ತೆಗೆಸಿದೆ, ಪದಕಗಳು ಅಂತ ಬರೆದ ಕಡೆ ಒಂದು ಅಡ್ಡಗೀಟು, ಅಷ್ಟೇ, ಸೊನ್ನೆ ಹಾಕುವಷ್ಟು ಮರ್ಯಾದೆಯೂ ಇಲ್ಲ, ಆ ಗೀಟು ನೋಡಿದ ಮೇಲೆ ನನಗೆ ತಡೆಯಲಾಗಲಿಲ್ಲ, ಹೆಂಡತಿಗೂ ಹೇಳದೆ ಅರ್ಜಿ ಬರೆದು ಹಾಕಿದೆ, ಮಗಳಿಗಂತೂ ಹೇಳುವ ಬಾಯಿಯೇ ಇಲ್ಲ, ನಿಮ್ಮ ಮಾವನ ಬೀರು ಖಾಲಿ ಮಾಡಿಸುತ್ತೇನಮ್ಮಾ ಅಂತ ಯಾವ ಅಪ್ಪ ಹೇಳುತ್ತಾನೆ, ಆದರೂ ಖಾಲಿಯಾಗಬೇಕು, ಆ ಬಲ್ಬು ನಂದಬೇಕು, ಮೊಮ್ಮಗಳು ಒಂದು ಸಲ, ಒಂದೇ ಒಂದು ಸಲ, ನನ್ನನ್ನು ಬಿಲ್ಲೆ ತಾತ ಅನ್ನಬೇಕು.

ಬೆಟ್ಟದ ಮೇಲಿನ ಠಾಣೆ, ತಗಡಿನ ಗೂಡು, ಸುತ್ತ ಹಿಮ ಬಿಟ್ಟರೆ ಹಿಮ, ಒಳಗೆ ನಾನು, ಅವನು, ಇನ್ನೊಬ್ಬ ಅಡುಗೆಯವನು, ನನ್ನ ಕೋಟು ಸೀಮೆಎಣ್ಣೆ ಒಲೆಯ ಮೇಲೆ ಒಣಗಿಸಲು ಹೋಗಿ ತೋಳು ಸುಟ್ಟುಹೋಗಿತ್ತು, ಅಡುಗೆಯವನದು ಇಲಿ ಕಡಿದು ಜಾಳು ಜಾಳು, ನೆಟ್ಟಗಿದ್ದದ್ದು ಅವನ ಕೋಟು ಒಂದೇ, ಆಗಲೂ ಅವನದೇ ನೆಟ್ಟಗಿದ್ದದ್ದು, ಹಾಗಾಗಿ ಯಾರು ಹೊರಗೆ ಕಾವಲಿಗೆ ಹೋಗುತ್ತಾರೋ ಅವರು ಅದನ್ನೇ ಹಾಕಿಕೊಳ್ಳುವುದು ನಮ್ಮ ಪದ್ಧತಿ, ಕಾಲರಿನ ಹಿಂದೆ ಬಿಳಿ ಬಟ್ಟೆಯ ಮೇಲೆ ಅವನ ನಂಬರು, ಎಲ್ಲರ ಕೋಟಿಗೂ ಹಾಗೆಯೇ ಹೊಲಿದಿರುತ್ತಿತ್ತು, ಅದನ್ನು ಯಾರು ನೋಡುತ್ತಾರೆ, ಬೆಟ್ಟದಲ್ಲಿ ಬೆಚ್ಚಗಿದ್ದರೆ ಸಾಕು. ಅವತ್ತು ಅವನಿಗೆ ಜ್ವರ, ಹೊರಗೆ ಹಗಲೇ ಕಣ್ಣು ಕಾಣದಂಥ ಹಿಮಗಾಳಿ, ಕ್ಯಾಪ್ಟನ್ನರು ಕೆಳಗಿನ ಠಾಣೆಯಿಂದ ಹೊರಟವರು ಬಂದಿಲ್ಲ ಅಂತ ವೈರ್‌ಲೆಸ್ಸು ಕಿರುಚಿತು, ಮೊಳೆಗೆ ನೇತುಹಾಕಿದ್ದ ಕೋಟು ತೆಗೆದು ಹಾಕಿಕೊಂಡೆ, ಹೊರಟೆ — ಮೊಳೆಗೆ, ಹೌದು ಮೊಳೆಗೆ, ಅರ್ಜಿಯಲ್ಲೂ ಹಾಗೇ ಬರೆದಿದ್ದೇನೆ — ಕತ್ತಿನ ಗುಂಡಿ ಮಾತ್ರ ಉಸಿರು ಕಟ್ಟುವಷ್ಟು ಬಿಗಿಯಾಗಿತ್ತು, ಆ ಗುಂಡಿ ನನಗೆ ಯಾವತ್ತೂ ಹಾಕಲು ಬರುತ್ತಿರಲಿಲ್ಲ, ಚರ್ಮದ ದಪ್ಪ ಗುಂಡಿ, ಅದು ಹೇಗೆ ಕಾಜದೊಳಗೆ ಬಿತ್ತು, ಬೇಡ, ಅದು ಈಗ ಬೇಡ, ಆಮೇಲಿನದು ನೋಡು, ಕ್ಯಾಪ್ಟನ್ನರು ಬಂಡೆಯ ಸಂದಿಯಲ್ಲಿ ಬಿದ್ದಿದ್ದರು, ತಲೆಗೆ ಪೆಟ್ಟು, ಕಾಲು ಮುರಿದಿತ್ತು, ಬೆನ್ನ ಮೇಲೆ ಹೊತ್ತುಕೊಂಡು ಬಂದೆ, ಮೇಲಿನಿಂದ ಶತ್ರುಗಳ ಗುಂಡು ಗುರಿಯಿಲ್ಲದೆ ಬರುತ್ತಿದ್ದವು, ಹಿಮದಲ್ಲಿ ಪುಸಕ್ ಪುಸಕ್ ಅಂತ ಹೂತುಹೋಗುತ್ತಿದ್ದವು, ಅವರಿಗೆ ದಾರಿಯುದ್ದಕ್ಕೂ ಕಂಡದ್ದು ನನ್ನ ಮುಖವಲ್ಲ, ಮೂಗಿನ ಮುಂದಿದ್ದ ಕಾಲರು, ಕಾಲರಿನ ಮೇಲಿನ ನಂಬರು, ಪ್ರಜ್ಞೆ ಹೋಗಬಾರದೆಂದು ಅದನ್ನೇ ಮಗ್ಗಿಯ ಹಾಗೆ ಗೊಣಗುತ್ತಿದ್ದರು, ನನ್ನ ಕಿವಿಯ ಪಕ್ಕದಲ್ಲೇ, ಅವನ ನಂಬರು, ನಾನು ಅವನಲ್ಲ ಸಾರ್ ಅನ್ನಲು ಉಸಿರೆಲ್ಲಿತ್ತು. ಅವರು ಒಂದು ಆಸ್ಪತ್ರೆಗೆ, ಹಿಮಕ್ಕೆ ಕಾಲ್ಬೆರಳು ಮರಗಟ್ಟಿಸಿಕೊಂಡ ನಾನು ಇನ್ನೊಂದಕ್ಕೆ, ಎರಡು ಬೆರಳು ಕತ್ತರಿಸಿ ಬಿಸಾಡಿದರು, ಕುಂಟುತ್ತಾ ವಾಪಸು ಬರುವ ಹೊತ್ತಿಗೆ ಬಯಲಿನಲ್ಲಿ ಪರೇಡು, ಬ್ಯಾಂಡು, ಅವನ ಎದೆಯ ಮೇಲೆ ಅದು, ಕ್ಯಾಪ್ಟನ್ನರು ಆಸ್ಪತ್ರೆಯಿಂದಲೇ ನಂಬರು ಬರೆದು ಕಳಿಸಿದ್ದರು, ಕಳಿಸಿ ತೀರಿಕೊಂಡಿದ್ದರು, ನಾನು ಕೊನೆಯ ಸಾಲಿನಲ್ಲಿ ಕೋಲು ಊರಿಕೊಂಡು ಚಪ್ಪಾಳೆ ತಟ್ಟಿದೆ, ಕೋಲು ಬಿತ್ತು, ಬಗ್ಗಿ ಎತ್ತಿಕೊಂಡು ಮತ್ತೆ ತಟ್ಟಿದೆ. ಕೇಳಿ ಪಡೆಯಬೇಕಾ, ತಾನಾಗಿ ಬಂದು ಹೇಳಲಿ ಅಂದುಕೊಂಡೆ, ಅವನು ಬಂದ, ಬೆನ್ನು ತಟ್ಟಿದ, ಕಾಲು ಹೆಂಗಿದ್ಯೋ ಅಂದ, ಚೆನ್ನಾಗಿದೆ ಕಣೋ ಅಂದೆ, ಅಷ್ಟಕ್ಕೇ ಮುಗಿಯಿತು, ಅಲ್ಲಿಂದ ಇಲ್ಲಿಯವರೆಗೆ ಆ ಮಾತು ನಮ್ಮಿಬ್ಬರ ನಡುವೆ ಬಂದೇ ಇಲ್ಲ.

ಒಳಗೆ ಕರೆದರು, ಇಬ್ಬರನ್ನೂ ಒಟ್ಟಿಗೆ, ಮೇಜಿನಾಚೆ ಅಧಿಕಾರಿ ಒಬ್ಬ ಹೆಣ್ಣುಮಗಳು, ನನ್ನ ಮಗಳ ವಯಸ್ಸು, ಪಕ್ಕದಲ್ಲಿ ಟೈಪು ಮಾಡಲು ಒಬ್ಬ ಗುಮಾಸ್ತ, ನಾನು ಎಲ್ಲ ತಯಾರು ಮಾಡಿಕೊಂಡಿದ್ದೆ, ಅವನು ಇಲ್ಲ ಅಂದರೆ ಹೀಗೆ, ಮರೆತೆ ಅಂದರೆ ಹಾಗೆ, ಏನೂ ನಡೆಯದಿದ್ದರೆ ಬೂಟು ಕಳಚಿ ಕಾಲನ್ನೇ ಮೇಜಿನ ಮೇಲಿಟ್ಟು ನೋಡಮ್ಮಾ ಅನ್ನುವುದು, ಅದಕ್ಕೆಂದೇ ಬೂಟಿನ ದಾರ ಸಡಿಲವಾಗಿ ಕಟ್ಟಿಕೊಂಡು ಬಂದಿದ್ದೇನೆ, ಒಗೆದ ಕಾಲುಚೀಲ ಹಾಕಿದ್ದೇನೆ. ಅವನು ಕೂರುವುದಕ್ಕೂ ಮೊದಲೇ ಶುರು ಮಾಡಿದ, ಮೇಡಂ, ಇದ್ರಲ್ಲಿ ವಿಚಾರಣೆ ಮಾಡೋದು ಏನಿಲ್ಲ, ಕೋಟು ನಂದು, ಒಳಗಿದ್ದೋರು ಇವ್ರು, ನಾನು ಜ್ವರ ಬಂದು ಮಲಗಿದ್ದೆ, ಕ್ಯಾಪ್ಟನ್ ಸಾಹೇಬ್ರನ್ನ ಹೊತ್ಕೊಂಡು ಬಂದಿದ್ದು ಇವ್ರೇ, ಅಂದ, ಅಂದೇಬಿಟ್ಟ, ಬಸ್ಸಿನಲ್ಲಿ ಸೀಟು ಬಿಟ್ಟುಕೊಡುವವನ ಹಾಗೆ, ಮತ್ತೆ ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ಅಂದಳು ಅವಳು, ಅವತ್ತೇ ಹೇಳ್ದೆ ಮೇಡಂ, ನಮ್ಮ ಹವಾಲ್ದಾರ್ರು ಬಾಯಿ ಮುಚ್ಕೊಂಡು ಎದೆ ಸೆಟೆಸಿ ನಿಂತ್ಕೋ ಅಂದ್ರು, ನಿಂತೆ, ಮೊದ್ಲು ನಾಚ್ಕೆ ಆಗ್ತಿತ್ತು, ಆಮೇಲೆ ಅಭ್ಯಾಸ ಆಯ್ತು, ಆಮೇಲೆ ಚೆನ್ನಾಗೂ ಇತ್ತು, ಸುಳ್ಳು ಯಾಕೆ ಹೇಳ್ಲಿ, ಇವ್ರು ಒಂದು ಮಾತು ಕೇಳಿದ್ರೆ ಕೊಟ್ಬಿಡ್ತಿದ್ದೆ, ಇವ್ರು ಕೇಳ್ಲಿಲ್ಲ, ನಾನು ಕೊಡ್ಲಿಲ್ಲ, ಅಂದ, ಸುಳ್ಳು ಯಾಕೆ ಹೇಳಲಿ ಅನ್ನುವುದು ನನ್ನ ಮಾತು, ಅದನ್ನೂ ಎತ್ತಿಕೊಂಡ. ನಿಮ್ಮ ಹೆಸರಿಂದ ತೆಗೆದುಹಾಕ್ತೀವಿ, ಗೊತ್ತಲ್ವಾ, ನಿಮ್ಮ ದಾಖಲೇಲಿ ಗೀಟು ಬೀಳುತ್ತೆ ಅಂದಳು, ಬೀಳ್ಲಿ ಬಿಡಿ ಅಂದ, ಜೇಬಿನಿಂದ ಕರವಸ್ತ್ರದ ಗಂಟು ತೆಗೆದು ಬಿಚ್ಚಿದ, ಅದು, ಗಾಜಿಲ್ಲದೆ, ಬಲ್ಬಿಲ್ಲದೆ, ಮೇಜಿನ ಮೇಲೆ, ಎಷ್ಟು ಚಿಕ್ಕದು, ಬೆಳಿಗ್ಗೆ ಉಜ್ಜಿ ತಂದಿದೀನಿ, ಇದನ್ನೇ ಇವರಿಗೆ ಕೊಟ್ಬಿಡಿ ಅಂದ, ಆ ಹೆಣ್ಣುಮಗಳು ಕುರ್ಚಿಯಿಂದ ಎದ್ದು ನಿಂತಳು, ಎದ್ದು ನಿಂತಳು, ನನಗಲ್ಲ, ಅವನಿಗೆ, ನನ್ನ ಸರ್ವೀಸಲ್ಲಿ ಇಷ್ಟು ದೊಡ್ಡ ಮನಸ್ಸಿನವರನ್ನ ನೋಡಿಲ್ಲ ಸಾರ್ ಅಂದಳು, ಟೈಪಿನ ಗುಮಾಸ್ತ ಕೈ ನಿಲ್ಲಿಸಿ ಅವನನ್ನೇ ನೋಡಿದ, ಚಹಾ ಬಂತು, ಮೊದಲ ಕಪ್ಪು ಅವನಿಗೆ, ಇದು ವಾಪಸ್ ಖಜಾನೆಗೆ ಹೋಗ್ಬೇಕು, ನಿಮ್ಮದು ಹೊಸದು ಅಂಚೇಲಿ ಬರುತ್ತೆ ಅಂತ ನನಗೆ ಹೇಳಿದಳು, ಅಂಚೆಯಲ್ಲಿ, ಅವನಿಗೆ ಬ್ಯಾಂಡು, ನನಗೆ ಅಂಚೆ, ಯಾರೂ ನನ್ನ ಕಾಲು ನೋಡಲಿಲ್ಲ.

ಗೆದ್ದೆನಲ್ಲ, ಹಾಗಾದರೆ ಗೆದ್ದೆ, ಗೀಟು ಅವನ ಕಡೆ ಹೋಯಿತು, ಮತ್ತೆ ಯಾಕೆ ಹೊಟ್ಟೆಯಲ್ಲಿ ಮೊದಲಿಗಿಂತ ಹೆಚ್ಚು ಉರಿ, ಹಿಂದೆ ಅವನ ಹತ್ತಿರ ಇದ್ದದ್ದು ನನ್ನದು, ನನ್ನ ಉರಿಗೊಂದು ನ್ಯಾಯವಿತ್ತು, ಈಗ ಅವನಿಗೆ ಸಿಕ್ಕ ಮರ್ಯಾದೆ ಅವನದೇ, ಅದನ್ನು ಯಾವ ಕಚೇರಿಗೆ ಅರ್ಜಿ ಹಾಕಿ ಇಸಿದುಕೊಳ್ಳಲಿ, ಸಂಜೆ ಮನೆಗೆ ಹೋಗಿ ಎಲ್ಲ ಹೇಳುತ್ತಾನೆ, ಮಗಳು ನನಗೆ ಫೋನು ಮಾಡಿ ಅಪ್ಪಾ, ಮಾವ ಎಂಥ ಮನುಷ್ಯ ಅಂತ ಅಳುತ್ತಾಳೆ, ಮೊಮ್ಮಗಳು ಅವನನ್ನು ಬಿಲ್ಲೆ ಕೊಟ್ಟ ತಾತ ಅನ್ನುತ್ತಾಳೆ, ನಾನು ಬಿಲ್ಲೆ ಜೇಬಿಗೆ ಹಾಕಿಕೊಂಡು ಬಸ್ಸು ಹತ್ತಿದರೂ ಬಸ್ ತಾತನೇ — ಇಲ್ಲಿ ಬನ್ನಿ ಸಾರ್, ತಿದ್ದಿದ ದಾಖಲೆಗೆ ಹೊಸ ಫೋಟೋ ಬೇಕು ಅನ್ನುತ್ತಿದ್ದಾನೆ ಗುಮಾಸ್ತ, ಗೋಡೆಗೆ ಬೆನ್ನು ಕೊಟ್ಟು ನಿಂತೆ, ಮೇಲಿನ ಗುಂಡಿ ಹಾಕ್ಕೊಳ್ಳಿ ಅಂದ, ನನ್ನ ಬೆರಳಿಗೆ ಆ ಹಿಮ ಹೊಕ್ಕಾಗಿನಿಂದ ಸಣ್ಣ ಗುಂಡಿ ಸಿಗುವುದಿಲ್ಲ, ಮನೆಯಲ್ಲಿ ಹೆಂಡತಿ ಹಾಕುತ್ತಾಳೆ, ತಡಕಾಡಿದೆ, ಜಾರಿತು, ಮತ್ತೆ ತಡಕಾಡಿದೆ, ಎಲ್ಲರೂ ನೋಡುತ್ತಿದ್ದಾರೆ, ಅವನು ಚಹಾ ಕೆಳಗಿಟ್ಟು ಎದ್ದು ಬಂದ, ಎದುರಿಗೆ ನಿಂತ, ಕತ್ತೆತ್ತೋ ಅಂದ, ಎತ್ತಿ ಅಲ್ಲ, ಎತ್ತೋ, ಬೀಗ್ರೇ ಇಲ್ಲ, ತಾವು ಇಲ್ಲ, ಆ ಅಧಿಕಾರಿಯ ಎದುರಿಗೇ, ಕತ್ತೆತ್ತೋ — ಅವತ್ತು ಕೋಟು ಮೊಳೆಯ ಮೇಲೆ ಇರಲಿಲ್ಲ, ಅವನ ಮೈಮೇಲಿತ್ತು, ಕಂಬಳಿ ಸಾಲದೆ ಅದನ್ನೂ ಹೊದ್ದು ನಡುಗುತ್ತಿದ್ದ, ವೈರ್‌ಲೆಸ್ಸು ಕಿರುಚಿದ್ದೇ ಎದ್ದು ಕೂತ, ಒಂದೊಂದೇ ತೋಳು ಕಳಚಿದ, ಹಲ್ಲು ಕಟಕಟ ಅನ್ನುತ್ತಿತ್ತು, ನನಗೆ ತೊಡಿಸಿದ, ಗಾಳಿ ಎದೆಗೆ ಹೊಡೆಯುತ್ತೆ ಕಣೋ, ಕತ್ತೆತ್ತೋ ಅಂದ, ಆ ದಪ್ಪ ಗುಂಡಿ, ಜ್ವರದ ಬೆರಳು, ಗಂಟಲಿಗೆ ತಾಗಿದ ಗಿಣ್ಣು, ಸುಡುತ್ತಿತ್ತು, ದಾರಿಯುದ್ದಕ್ಕೂ ನನ್ನ ಮೈಯಲ್ಲಿ ಬೆಚ್ಚಗಿದ್ದದ್ದು ಅದೊಂದೇ ಜಾಗ, ಈ ಕಡೆ ನೋಡಿ ಸಾರ್ ಅನ್ನುತ್ತಿದ್ದಾನೆ ಗುಮಾಸ್ತ, ಸಾರ್, ಈ ಕಡೆ, ನಾನು ಕತ್ತೆತ್ತಿದ್ದೇನೆ, ಗುಂಡಿ ಹಾಕಿಯಾಯಿತು, ಅವನ ಗಿಣ್ಣು ಇನ್ನೂ ಗಂಟಲ ಮೇಲಿದೆ, ಗುಂಡಿ, ಗಿಣ್ಣು, ಬಿಸಿ, ಕತ್ತೆತ್ತೋ, ಎತ್ತಿದ್ದೇನೆ ಕಣೋ, ಇಳಿಸಲು ಆಗುತ್ತಿಲ್ಲ, ಗಿಣ್ಣು, ಬಿಸಿ