ಕಾವೇರಮ್ಮ ಬದಲಿಸಿದ ಮಾತ್ರೆ

ಪ್ರತಿಮಾಗೆ ಕಡೆಯ ಸಲ ಫಿಟ್ಸ್ ಬಂದು ಆರು ವರ್ಷವಾಗಿತ್ತು. ಬಾಣಂತನಕ್ಕೆ ಮರಳವಾಡಿಯ ತವರಿಗೆ ಬಂದ ಮೇಲೂ ಮಗಳು ದಿನಕ್ಕೆರಡು ಸಲ ಫಿಟ್ಸಿನ ಮಾತ್ರೆ ನುಂಗುವುದು ಕಾವೇರಮ್ಮನಿಗೆ ಸರಿಕಾಣಲಿಲ್ಲ. ಮಾತ್ರೆಯ ಅಂಶ ಹಾಲಿಗೆ ಇಳಿದು ಕೂಸು ಮಂಕಾಗುತ್ತದೆಂದು ನೆಂಟರೊಬ್ಬರು ಹೇಳಿದ್ದು ತಲೆಹೊಕ್ಕಿತ್ತು. ಕೂಸು ಒಸಿ ಹೆಚ್ಚು ನಿದ್ದೆ ಮಾಡಿದರೂ ಅದೇ ಅನುಮಾನ. ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡುವುದು ಕಾವೇರಮ್ಮನದೇ ಕೆಲಸ. ಮಗಳಿಗೆ ತಿಳಿಯದಂತೆ ಡಬ್ಬಿಯಲ್ಲಿ ಅಷ್ಟೇ ಗಾತ್ರದ ಕ್ಯಾಲ್ಸಿಯಂ ಮಾತ್ರೆ ತುಂಬಿಸಿದಳು. ಮೋಸ ಅನ್ನಿಸಲಿಲ್ಲ; ಮೊಮ್ಮಗಳನ್ನು ಕಾಪಾಡುತ್ತಿದ್ದೇನೆ ಅಂದುಕೊಂಡಳು.

ಐದನೆಯ ದಿನ ಬೆಳಿಗ್ಗೆ ಹಂಡೆಯ ಒಲೆಗೆ ಸೌದೆ ಇಡುತ್ತಿದ್ದಾಗ ಕೂಸಿನ ಅಳು ಕೇಳಿಸಿತು. ಸಮಾಧಾನ ಮಾಡುವ ದನಿ ಕೇಳಿಸಲಿಲ್ಲ.

ಒಳಗೆ ಹೋದವಳು ಬಾಗಿಲಲ್ಲೇ ನಿಂತುಬಿಟ್ಟಳು. ಆಸ್ಪತ್ರೆಯಲ್ಲಿ ಹೇಳಿಕೊಟ್ಟಂತೆ ಪ್ರತಿಮಾ ನೆಲದ ಹಾಸಿಗೆಯಲ್ಲೇ ಕೂತು ಹಾಲೂಡುತ್ತಿದ್ದಳು. ಈಗ ಕಣ್ಣು ಮೇಲೆ ಸಿಕ್ಕಿಕೊಂಡು, ಮೈಯೆಲ್ಲ ಅದುರುತ್ತಿತ್ತು. ತೊಡೆಯಿಂದ ಜಾರಿದ ಕೂಸು ಹಾಸಿಗೆಯ ಮೇಲೆ ಮಗ್ಗುಲಾಗಿ ಬಿದ್ದು ಕಿರುಚುತ್ತಿತ್ತು.

ಕೂಸಿನ ತೂಕ ನೋಡಲು ಅದೇ ಹೊತ್ತಿಗೆ ಬಂದ ಆಶಾ ಕಾರ್ಯಕರ್ತೆ ಖುರ್ಷಿದಾ ಕೂಸನ್ನೆತ್ತಿ ಕಾವೇರಮ್ಮನ ತೋಳಿಗೆ ತುರುಕಿದಳು. ಪ್ರತಿಮಾಳನ್ನು ಮಗ್ಗುಲಿಗೆ ಹೊರಳಿಸಿ, ತಲೆಯಡಿ ಬಟ್ಟೆಯಿಟ್ಟು ಗಡಿಯಾರ ನೋಡಿದಳು. ಮಗಳ ಕೈಗೆ ಕಬ್ಬಿಣ ಹಿಡಿಸಲೆಂದು ಕಾವೇರಮ್ಮ ಸೊಂಟದ ಬೀಗದ ಕೈ ತೆಗೆಯಹೋದಾಗ, ಕೈಯಲ್ಲಾಗಲಿ ಬಾಯಲ್ಲಾಗಲಿ ಏನೂ ಇಡಬೇಡವೆಂದು ತಡೆದಳು. ಎರಡು ನಿಮಿಷಕ್ಕೆ ಅದುರುವುದು ನಿಂತಿತು.

ಪ್ರತಿಮಾ ಮಾತ್ರೆ ತಪ್ಪಿಸಿದ್ದಳೇ ಎಂದು ಖುರ್ಷಿದಾ ಕೇಳಿದಳು.

"ಅವ್ಳು ತಪ್ಪಿಸ್ನಿಲ್ಲ," ಅಂದಳು ಕಾವೇರಮ್ಮ. "ನಾನೇ ಬದಲಾಯಿಸ್ಬುಟ್ಟೆ."

ಕನಕಪುರದ ಡಾಕ್ಟರು ಕೂಸಿಗೆ ಏನೂ ಆಗಿಲ್ಲವೆಂದರು. ಈ ಮಾತ್ರೆ ನುಂಗುತ್ತಲೇ ಹಾಲೂಡಬಹುದು, ತಟ್ಟನೆ ನಿಲ್ಲಿಸಿದರೆ ತಾಯಿಯ ಜೀವಕ್ಕೇ ಅಪಾಯ, ರಾತ್ರಿ ಅವಳ ನಿದ್ದೆ ಕೆಟ್ಟರೂ ಫಿಟ್ಸ್ ಬರಬಹುದು ಎಂದು ಬಿಡಿಸಿ ಹೇಳಿದರು.

ಮಾತ್ರೆ ಬದಲಾದ ವಿಷಯ ಆಸ್ಪತ್ರೆಯಲ್ಲೇ ತಿಳಿದಿದ್ದ ಪ್ರತಿಮಾ ಮನೆ ಸೇರಿದ ಮೇಲೆ ಕೇಳಿದಳು: "ಕೂಸ್ನ ಎತ್ಕಂಡು ಮೆಟ್ಲು ಇಳೀತಿದ್ದಿದ್ರೆ ಏನವ್ವ ಗತಿ?"

ಮನೆ ಮುಂದಿನ ಕಲ್ಲಿನ ಮೆಟ್ಟಿಲು ಕಾವೇರಮ್ಮನ ಕಣ್ಣ ಮುಂದೆ ಬಂತು. ಡಬ್ಬಿಗೆ ಮೊದಲಿನ ಮಾತ್ರೆ ತುಂಬಿ ತಂದು ಮಗಳ ಕೈಗಿಟ್ಟಳು.

ಅಂದಿನಿಂದ ಡಬ್ಬಿ ಮಗಳ ಕೈಯಲ್ಲೇ ಉಳಿಯಿತು. ಆ ಸಂಜೆ ಪ್ರತಿಮಾ ಮಾತ್ರೆ ನುಂಗಿ, ರಾತ್ರಿಗೆಂದು ಎದೆಹಾಲು ಹಿಂಡಿಟ್ಟು, ಕೂಸನ್ನು ಅವ್ವನ ಕಡೆ ಚಾಚಿದಳು. ಕಾವೇರಮ್ಮ ನಿಂತಲ್ಲೇ ಕೈ ಮುಂದೆ ಮಾಡಿ, ಮತ್ತೆ ಹಿಂದೆಳೆದುಕೊಂಡಳು.

"ನನ್ ಕೈಗೆ ಕೊಟ್ಟೀಯಾ?"

"ಕೂತ್ಕೊ ಮೊದ್ಲು," ಅಂದಳು ಪ್ರತಿಮಾ. "ಕೂತ್ಕಂಡು ಇಸ್ಕೊ."