ಡಾಕ್ಟರು ಅಣ್ಣನಿಗೆ ಹೇಳಿದ್ದು

"ಇಪ್ಪತ್ತೈದು ವರ್ಷ ಆತು, ಈ ಸಟ್ಟುಗ ನನ್ನ ಕೈಗಿ ಹತ್ತಗೊಟ್ಟಿಲ್ಲ ನೀ. ಈಗ ಯಾಕ ಕೊಟ್ಟಿ? ಮೊದಲ ಅದನ್ನ ಹೇಳು."

ಉದ್ದಪ್ಪ ಹಾಗೆಂದು ಸಟ್ಟುಗವನ್ನು ಕೊಪ್ಪರಿಗೆಯ ಅಂಚಿಗೆ ಬಡಿದ. ಕುದಿಯುವ ಕಬ್ಬಿನ ಹಾಲು ಸಿಡಿದು ಅವನ ಮೊಣಕೈ ಸುಟ್ಟಿತು. ಅದರ ಕಡೆ ಅವನ ಲಕ್ಷ್ಯವಿರಲಿಲ್ಲ. ಅಣ್ಣ ಗುಡ್ಡಪ್ಪ ಕೆಳಗೆ ತಗ್ಗಿನಲ್ಲಿ ಕೂತು ಒಲೆಯ ಬಾಯಿಗೆ ಕಬ್ಬಿನ ಒಣಗರಿ, ರವದಿ ತುರುಕುತ್ತಿದ್ದ. ತಲೆ ಎತ್ತಲಿಲ್ಲ.

"ಪಾಕಾ ನೋಡು. ಮಾತು ಆಮ್ಯಾಲ."

"ಪಾಕಾ ಹಾಳಾಗಿ ಹೋಗಲಿ."

"ಹಾಳಾದ್ರ ಕರೆಪ್ಪ ನಮ್ಮಿಬ್ಬರ ಮೀಸಿ ಬೋಳಸ್ತಾನ. ಕಬ್ಬು ಅವಂದು."

ಕಬ್ಬಿನ ಒಟ್ಟಿಲ ಮೇಲೆ ಕೂತು ಕಾಯುತ್ತಿದ್ದ ಕರೆಪ್ಪ ಎಲೆ ಅಡಿಕೆ ಉಗಿದ. "ನನ್ನ ಹೆಸರ ತಗೀಬ್ಯಾಡ್ರಿ. ಅಣ್ಣ ತಮ್ಮ ಬಡದಾಡ್ರಿ, ಬ್ಯಾಡ ಅನ್ನಾಂಗಿಲ್ಲ. ಆದ್ರ ನನ್ನ ಬೆಲ್ಲಾ ಇಳಿಸಿ ಬಡದಾಡ್ರಿ."

ಮಮದಾಪುರದ ಗಾಣದ ಮನೆಯಲ್ಲಿ ಸಟ್ಟುಗ ಹಿಡಿದವನೇ ಯಜಮಾನ. ಒಲೆಗೆ ಉರಿ ಹಾಕುವವನಿಗೆ ಹೊಗೆ, ಬೂದಿ ಮತ್ತು ಬೈಗುಳ. ಪಾಕ ನೋಡುವುದೆಂದರೆ ತಣ್ಣೀರಿನ ತಂಬಿಗೆಯಲ್ಲಿ ಒಂದು ಹನಿ ಬಿಟ್ಟು ಬೆರಳಲ್ಲಿ ಕೂಡಿಸಿ ನೋಡುವುದು. ಉಂಡೆಯಾಗಿ ನಿಂತರೆ ಆ ಗಳಿಗೆಯಲ್ಲೇ ಇಳಿಸಬೇಕು. ಒಂದು ಉಸಿರು ಮೊದಲಾದರೆ ಬೆಲ್ಲ ಸೋರುತ್ತದೆ, ಒಂದು ಉಸಿರು ತಡವಾದರೆ ಸುಡುತ್ತದೆ. ಗುಡ್ಡಪ್ಪ ಇಳಿಸಿದ ಬೆಲ್ಲದ ಪೆಂಟಿಯನ್ನು ಮೂಡಲಗಿಯ ಪೇಟೆಯಲ್ಲಿ ಒಡೆದು ನೋಡದೆ ಕೊಳ್ಳುತ್ತಿದ್ದರು. ಉದ್ದಪ್ಪ ಮೀಸೆ ಮೂಡುವ ಮೊದಲಿಂದ ಉರಿ ಹಾಕಿದವನು. ಸಟ್ಟುಗಕ್ಕೆ ಕೈ ಚಾಚಿದಾಗೆಲ್ಲ ಅಣ್ಣ, "ನಿಂದು ಸಿಟ್ಟಿನ ಕೈ, ಪಾಕಕ್ಕ ಆಗೂದಿಲ್ಲ" ಎಂದು ಕಸಿದುಕೊಳ್ಳುತ್ತಿದ್ದ.

ಅಂಥ ಅಣ್ಣ ಎರಡು ತಿಂಗಳ ಹಿಂದೆ ಬೆಳಗಾವಿಯಿಂದ ಬಂದ ಮರುದಿನವೇ ಸಟ್ಟುಗವನ್ನು ಇವನ ಕೈಗೆ ಕೊಟ್ಟು ತಾನು ಒಲೆಯ ಮುಂದೆ ಕೂತ. "ಹೊಗಿ ನನಗಿರಲಿ" ಎಂದ, ಅಷ್ಟೇ. ಬೇರೆಯವನಾದರೆ ಹಿಗ್ಗುತ್ತಿದ್ದ. ಉದ್ದಪ್ಪ ಹಿಗ್ಗಲಿಲ್ಲ. ಬೇಡಿ ಬೇಡಿ ಸಿಗದಿದ್ದದ್ದು ಬೇಡದೆ ಸಿಗುವುದು ಯಾರಿಗೆ? ಸಾಯುವವನಿಗೆ ಮಾತ್ರ.

ಆ ವರ್ಷ ಚಳಿಗಾಲದಲ್ಲಿ ಉದ್ದಪ್ಪನಿಗೆ ಕೆಮ್ಮು ಹಿಡಿದು ಬಿಡಲಿಲ್ಲ. ಬೆನ್ನಲ್ಲಿ ಒಂದು ಕಡೆ ನೋವು. ಗೋಕಾಕದ ಡಾಕ್ಟರು ಎದೆಯ ಫೋಟೋ ತೆಗೆಸಿರೆಂದು ಬೆಳಗಾವಿಗೆ ಕಳಿಸಿದ್ದರು. ಅಂಕಲಗಿ ಮೇಲಿನ ಬಸ್ಸಿನಲ್ಲಿ ಇಬ್ಬರೂ ಹೋದರು. ಅಲ್ಲಿಯ ಡಾಕ್ಟರು ಕರಿ ಹಾಳೆಯಂಥ ಫೋಟೋವನ್ನು ಕಿಟಕಿಗೆ ಹಿಡಿದು, ಬಲಗಡೆ ಪಕ್ಕೆಯೆಲುಬುಗಳ ನಡುವೆ ಅವರೆ ಕಾಳಿನಷ್ಟು ಎರಡು ಬಿಳಿ ಕಲೆ ತೋರಿಸಿದರು.

"ಇವು ಗಂಟು. ಹಳೇ ಗಾಯ ಮಾಯ್ದ ಕಲೆ ಇರಬಹುದು. ಕ್ಷಯ ಇರಬಹುದು. ಕ್ಷಯ ಇದ್ರ ಚಿಂತಿ ಇಲ್ಲ, ಈಗ ಸೂಜಿ ಬಂದಾವ, ಗುಣ ಆಗತೈತಿ. ಇಲ್ಲಾ ಕ್ಯಾನ್ಸರದ ಗಂಟೂ ಇರಬಹುದು. ಕಫದಾಗ ಏನೂ ಸಿಕ್ಕಿಲ್ಲ. ಯಾವುದಂತ ಇವತ್ತ ನನಗ ಹೇಳಾಕ ಬರೂದಿಲ್ಲ. ಮೂರು ತಿಂಗಳ ಬಿಟ್ಟು ಬರ್ರಿ, ಮತ್ತ ಫೋಟೋ ತಗಿಯೋಣು. ಬೆಳೆದಾವೋ ಇಲ್ಲೋ ನೋಡೋಣು."

ಇಷ್ಟು ಹೇಳಿ ಅವನನ್ನು ಹೊರಗೆ ಕೂರಿಸಿ ಗುಡ್ಡಪ್ಪನೊಬ್ಬನನ್ನೇ ಒಳಗೆ ಉಳಿಸಿಕೊಂಡರು. ಕಂಪೌಂಡರ ಸೋಮಪ್ಪ ಒಳಗೆ ಹೊರಗೆ ಓಡಾಡುತ್ತಿದ್ದ. ಒಂದು ಬೀಡಿ ಸೇದಿ ಮುಗಿಸುವಷ್ಟು ಹೊತ್ತಾದ ಮೇಲೆ ಗುಡ್ಡಪ್ಪ ಹೊರಗೆ ಬಂದ. ತಮ್ಮನ ಮುಖ ನೋಡಲಿಲ್ಲ.

"ಏನಂದ?"

"ಅದ, ನಿನಗ ಹೇಳಿದ್ದ."

ಅದೇ ಹೇಳುವುದಾಗಿದ್ದರೆ ಬಾಗಿಲು ಯಾಕೆ ಹಾಕಿದರು? ಆ ಸೀಮೆಯಲ್ಲಿ ಕೆಟ್ಟ ಸುದ್ದಿಯನ್ನು ರೋಗಿಗೆ ಹೇಳುವ ಪದ್ಧತಿಯೇ ಇಲ್ಲ. ಸಂಗಡ ಬಂದವರಿಗೆ ಹೇಳುತ್ತಾರೆ, ಅವರು ನುಂಗಿಕೊಳ್ಳುತ್ತಾರೆ. ಕರೆಪ್ಪನ ತಾಯಿಗೆ ಹೊಟ್ಟೆಯಲ್ಲಿ ಗಡ್ಡೆಯಾಗಿತ್ತು. ಊರಿಗೆಲ್ಲ ಗೊತ್ತು, ಮುದುಕಿಗೊಬ್ಬಳಿಗೇ ಗೊತ್ತಿರಲಿಲ್ಲ. ವಾಯು ಎಂದುಕೊಂಡು ಓಮಿನ ನೀರು ಕುಡಿಯುತ್ತಲೇ ಸತ್ತಳು. ಸಾಯುವ ನಾಲ್ಕು ದಿನ ಮೊದಲು ಉದ್ದಪ್ಪನೇ ಅವಳ ಮುಂದೆ ಕೂತು, "ಆಯೀ, ಉಗಾದಿಗಿ ನಿನ್ನ ಕೈಯಾನ ಹೋಳಿಗಿ ತಿನ್ನಾಕ ಬರ್ತೇನಿ ನೋಡು" ಎಂದಿದ್ದ. ಎಷ್ಟು ಸಲೀಸಾಗಿ ಬಂದಿತ್ತು ಆ ಸುಳ್ಳು. ಹಾಗಾಗಿ ಈಗ ಯಾರು ನಕ್ಕು ಮಾತಾಡಿಸಿದರೂ ಅವನು ಅವರ ಕಣ್ಣು ನೋಡುತ್ತಿದ್ದ.

ಹೆಂಡತಿ ತಾಯವ್ವ ರೊಟ್ಟಿಯ ಮೇಲೆ ಕೇಳದೆ ಬೆಣ್ಣೆ ಇಡತೊಡಗಿದಳು. ಒಂದು ದಿನ ಪರೀಕ್ಷೆ ಮಾಡೋಣವೆಂದು ಪಲ್ಯದ ಬಟ್ಟಲನ್ನು ಗೋಡೆಗೆ ಎಸೆದ. ಮೊದಲಾಗಿದ್ದರೆ, "ನಿಮ್ಮವ್ವ ಬಂದು ಬಳೀಲಿ" ಎನ್ನುತ್ತಿದ್ದಳು. ಈಗ ತುಟಿ ಪಿಟ್ಟೆನ್ನದೆ ಬಳಿದು ಹಾಕಿದಳು. ಅವನಿಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಮಗಳು ಮಾಯವ್ವನ ಮದುವೆ ಮುಂದಿನ ವರ್ಷಕ್ಕೆಂದು ಮಾತಾಗಿತ್ತು. ಗುಡ್ಡಪ್ಪ ತಾನೇ ದಡ್ಡಿಗೆ ಹೋಗಿ ಬೀಗರಾದ ಲಗಮಪ್ಪನ ಜೊತೆ ಮಾತಾಡಿ ಇದೇ ಬೇಸಿಗೆಗೆ ತಂದ. ಮೊನ್ನೆ ನಿಶ್ಚಯದ ಸಕ್ಕರೆಯನ್ನೂ ಹಂಚಿದರು. ಊರವರು ಶುಭವೆಂದರು. ಉದ್ದಪ್ಪ ಲೆಕ್ಕ ಹಾಕಿದ: ನಾನು ಕಣ್ಣು ಮುಚ್ಚುವುದರೊಳಗೆ ಅಕ್ಕಿಕಾಳು ಹಾಕಬೇಕೆಂದು ಅವಸರ.

ಮೂಡಲಗಿಗೆ ಬೆಲ್ಲ ಒಯ್ದಾಗ ಅವನು ತಕ್ಕಡಿಯಲ್ಲಿ ತಾನೇ ಕೂತು ತೂಕ ಮಾಡಿಸಿಕೊಂಡ. ತೂಗುವವರು ನಕ್ಕರು. "ಉದ್ದಪ್ಪಣ್ಣಾರ, ಕರ್ರಗ ಅದೀರಿ, ಎರಡನೇ ನಂಬರ ಮಾಲು. ದರಾ ಬರೂದಿಲ್ಲ." ಮೊದಲ ಸಂತೆಗೆ, ಬೆಳಗಾವಿಯಲ್ಲಿ ತೂಗಿದ್ದಕ್ಕಿಂತ ಎರಡು ಸೇರು ಕಡಿಮೆಯಾಗಿದ್ದ. ಮುಂದಿನ ಸಂತೆಗೆ ಒಂದು ಸೇರು ಏರಿದ. ಏರಿದ್ದು ಬೆಣ್ಣೆಯಿಂದಲೋ ಗುಣವಾಗಿಯೋ, ಇಳಿದದ್ದು ಚಿಂತೆಯಿಂದಲೋ ಗಂಟಿನಿಂದಲೋ, ತಕ್ಕಡಿಯನ್ನು ಕೇಳಿದರೆ ಅದು ಹೇಳೀತೇ? ಫೋಟೋವನ್ನು ದಿನಾ ಬಿಸಿಲಿಗೆ ಹಿಡಿದು ಕಲೆಗಳನ್ನು ನೋಡುತ್ತಿದ್ದ, ಹಾಳೆಯಲ್ಲಿಯೂ ಅವು ಬೆಳೆಯುತ್ತವೆಯೇನೋ ಎಂಬಂತೆ. ಕರೆಪ್ಪನಿಗೆ ತೋರಿಸಿದಾಗ ಅವನು, "ನಿನ್ನ ಅಂಗಿ ಗುಂಡಿ ಇರಬೇಕಲೇ" ಎಂದ. "ಅಂಗಿ ಬಿಚ್ಚಿಸಿ ತಗದಾರ." "ಹಂಗಾದ್ರ ಡಾಕ್ಟರಂದ ಗುಂಡಿ ಇರಬೇಕು." ಇದನ್ನು ನೆನೆದು ಆ ದಿನವೆಲ್ಲ ಉದ್ದಪ್ಪನಿಗೆ ಸ್ವಲ್ಪ ಹಗುರಾಗಿತ್ತು. ಮರುದಿನ, ಕರೆಪ್ಪನಿಗೂ ಗೊತ್ತಿದ್ದು ನಗಿಸಿದನೇನೋ ಎನ್ನಿಸಿತು.

ಈಗ ಕೊಪ್ಪರಿಗೆಯಿಂದ ಕಮಟು ವಾಸನೆ ಎದ್ದಿತು. ಗುಡ್ಡಪ್ಪ ಹಾರಿ ಮೇಲೆ ಬಂದು ಸಟ್ಟುಗ ಕಸಿದ. ತಡವಾಗಿತ್ತು. ಇಳಿಸಿದ ಬೆಲ್ಲ ರೊಟ್ಟಿಯ ಹಂಚಿನಂತೆ ಕರಿಬಣ್ಣಕ್ಕೆ ತಿರುಗಿತು. ಕರೆಪ್ಪ ತಾಯಿ ಅಕ್ಕ ಎಲ್ಲ ಎತ್ತಿ ಬೈದ. ಗುಡ್ಡಪ್ಪ ಮಾತ್ರ ತಮ್ಮನಿಗೆ ಒಂದು ಮಾತೂ ಅನ್ನಲಿಲ್ಲ.

"ಬೈ ನನಗ," ಎಂದ ಉದ್ದಪ್ಪ. "ಒಂದು ಕೊಪ್ಪರಿಗಿ ಬೆಲ್ಲ ಸುಟ್ಟೇನಿ. ಮೊದಲಿನ ಅಣ್ಣ ಇದ್ರ ಕಪಾಳಕ್ಕ ಬಿಡತಿದ್ದ. ಬೈಯಲೇ."

"ಮನಿಗಿ ನಡಿ, ಉದ್ದ್ಯಾ."

ಸಂಜೆ ಹೊತ್ತು ಮುಳುಗುವ ಮುಂಚೆ ಇಬ್ಬರೂ ಮನೆ ಸೇರಿದರು. ಮಾಯವ್ವ ನೀರಿಗೆ ಹೋಗಿದ್ದಳು. ಉದ್ದಪ್ಪ ಕಾಲು ತೊಳೆಯದೆ ನಡುಮನೆಯಲ್ಲಿ ಕೂತು ಹೆಂಡತಿಯನ್ನು ಕರೆದ.

"ಬೀರದೇವರ ಭಂಡಾರ ತಾ."

"ಹಬ್ಬಿಲ್ಲ ಹುಣ್ಣಿಮಿಲ್ಲ, ಭಂಡಾರ ಯಾಕ್ರಿ?"

"ತಾ ಅಂದ್ರ ತಾ."

ತಾಯವ್ವ ದೇವರ ಗೂಡಿನಿಂದ ಅರಿಸಿನ ಪುಡಿಯ ಚೀಲ ತಂದು ನಡುವೆ ಇಟ್ಟಳು. ಆ ಮನೆಯಲ್ಲಿ ಭಂಡಾರ ಎತ್ತಿ ಹೇಳಿದ ಮಾತಿನ ಮೇಲೆ ಯಾರೂ ಮಾತಾಡುವಂತಿರಲಿಲ್ಲ. ಸುಳ್ಳು ಹೇಳಿ ಎತ್ತಿದವನ ವಂಶ ಉಳಿಯುವುದಿಲ್ಲ ಎಂದು ನಂಬಿದವರು ಅವರು.

"ಎತ್ತು ಅಣ್ಣಾ. ಡಾಕ್ಟರ ನನಗ ಹೇಳಿದ್ದ ಬಿಟ್ಟು ಆ ಕ್ವಾಣ್ಯಾಗ ಬ್ಯಾರೆ ಯಾವ ಮಾತೂ ಆಗಿಲ್ಲ ಅಂತ ಎತ್ತು. ಎತ್ತಿದಿ ಅಂದ್ರ ಸಾಯೂತನಕ ಕೇಳೂದಿಲ್ಲ."

ಗುಡ್ಡಪ್ಪ ಚೀಲದ ಮೇಲೆ ಕೈ ಇಟ್ಟ. ಅವನ ಹೆಂಡತಿ ಹೋಗಿ ಹದಿನೈದು ವರ್ಷ, ಮಕ್ಕಳಿಲ್ಲ. ಮಾಯವ್ವನನ್ನೇ ಹೆಗಲ ಮೇಲೆ ಹೊತ್ತು ಬೆಳೆಸಿದವನು. ಅವನ ಬೆರಳು ಸ್ವಲ್ಪ ಹೊತ್ತು ಅಲ್ಲೇ ಇತ್ತು. ಆಮೇಲೆ ತೆಗೆದ.

"ನೋಡಿದೇನ, ತಾಯವ್ವಾ," ಎಂದ ಉದ್ದಪ್ಪ. ಧ್ವನಿ ಅವನಿಗೇ ಬೇರೆಯವರದೆನಿಸಿತು. "ಹೇಳು ಈಗ. ಎಷ್ಟ ದಿನಾ ಅಂದಾನ?"

"ದಿನದ ಮಾತ ಆಗಿಲ್ಲ. ಗಂಟಿನ ಮಾತು ನಿನಗ ಹೇಳಿದ್ದ ನನಗೂ ಹೇಳಿದ, ಅವಗೂ ಗೊತ್ತಿಲ್ಲ ಖರೆನ. ಆಮ್ಯಾಲ ನನ್ನ ಒಂದು ಮಾತು ಕೇಳಿದ. ಮನ್ಯಾಗ ಯಾರಿಗರ ಎದಿ ರೋಗ ಇತ್ತೇನು, ರಕ್ತಾ ಕಾರಿದವರು ಅದಾರೇನು ಅಂತ."

"ಅದಕ್ಕ?"

"ಇಲ್ಲ ಅಂದ್ನಿ."

"ಇಲ್ಲಲಾ ಮತ್ತ. ಅಪ್ಪ ಎತ್ತು ಇರಿದು ಸತ್ತಾನ."

ಗುಡ್ಡಪ್ಪ ನೆಲ ನೋಡಿದ. "ಅಪ್ಪನ್ನ ಎತ್ತು ಇರಿದಿಲ್ಲ ಉದ್ದ್ಯಾ. ನೀ ಏಳು ವರ್ಷದಾಂವ, ನಿನ್ನ ಅಂಕಲಗಿಗಿ ಮಾಮಾನ ಮನಿಗಿ ಕಳಿಸಿದ್ವಿ. ಅಪ್ಪ ಒಂದು ವರ್ಷ ಕೆಮ್ಮಿ ಕೆಮ್ಮಿ ಸತ್ತಾನ. ಬೂದಿ ಬುಟ್ಟ್ಯಾಗ ರಕ್ತಾ ಉಗಳತಿದ್ದ. ನಸಿಕಿನ್ಯಾಗ ಅದನ್ನ ತಿಪ್ಪ್ಯಾಗ ಹುಗದು ಬರಾಂವ ನಾನ. ಕ್ಷಯ ಅಂತ ಗೊತ್ತಾದ್ರ ಈ ಮನಿಗಿ ಹೆಣ್ಣು ಕೊಡೂದಿಲ್ಲ, ಹೆಣ್ಣು ಒಯ್ಯೂದಿಲ್ಲ ಅಂತ ಅವ್ವ ಎತ್ತಿನ ಮಾತು ಹುಟ್ಟಿಸಿದಳು."

"ಡಾಕ್ಟರಗ ಯಾಕ ಮುಚ್ಚಿದಿ?"

"ಬಾಗಲದಾಗ ಸೋಮಪ್ಪ ನಿಂತಿದ್ದ. ಅಂವ ದಡ್ಡಿಯಾಂವ, ಲಗಮಪ್ಪನ ಭಾವಕಿ, ಅವರ ಮನೆತನದಾಂವ. ಮಾಯವ್ವಂದು ಮಾತು ಆಗೇತಿ. ನಾ ಹೌದು ಅಂದಿದ್ರ ನಾವು ಬಸ್ ಹತ್ತೂದ್ರೊಳಗ ಸುದ್ದಿ ದಡ್ಡಿಗಿ ಮುಟ್ಟತಿತ್ತು. ಮದುವಿ ಮುಗಿಸಿ ಹೇಳಿದ್ರಾತು, ಹೆಂಗೂ ಮೂರು ತಿಂಗಳ ಗಡುವು ಐತಿ ಅಂತ ಮಾಡಿದ್ನಿ. ಅದಕ್ಕ ಲಗೂನ ಮದುವಿ. ಅದಕ್ಕ ನಿನ್ನ ಹೊಗಿಯಿಂದ ಎಬ್ಬಿಸಿದ್ನಿ."

ತಾಯವ್ವ ಉದ್ದಪ್ಪನ ಚೊಂಬಿನ ಪಕ್ಕದಲ್ಲಿದ್ದ ಮಗಳ ಗ್ಲಾಸನ್ನು ಮೆಲ್ಲಗೆ ಎತ್ತಿ ಬೇರೆ ಕಡೆ ಇಟ್ಟಳು. ಅವನು ಅದನ್ನೂ ನೋಡಿದ.

ಅಪ್ಪನದು ಕ್ಷಯವಾದರೆ ತನ್ನದೂ ಕ್ಷಯವೇ. ಅದಕ್ಕೆ ಸೂಜಿ ಇದೆ. ನಾಳೆಯೇ ಬೆಳಗಾವಿಗೆ ಹೋಗಿ ಹೇಳಿದರೆ ಚುಚ್ಚುತ್ತಾರೆ, ಬದುಕುತ್ತೇನೆ. ಎರಡು ತಿಂಗಳಲ್ಲಿ ಮೊದಲ ಸಲ ಅವನು ಪೂರ್ತಿ ಉಸಿರು ಎಳೆದುಕೊಂಡ. ಆ ಉಸಿರು ಬಿಡುವಷ್ಟರಲ್ಲಿ ಸಂಶಯ ಮತ್ತೆ ಬಂದು ಕೂತಿತು. ಮೂವತ್ತೈದು ವರ್ಷ ಹೇಳದ ಮಾತು ಇವತ್ತೇ ಯಾಕೆ ಬಂತು? ಯಾವ ರೋಗಕ್ಕೆ ಔಷಧ ಇದೆಯೋ ಸರಿಯಾಗಿ ಅದೇ ರೋಗ ಅಪ್ಪನಿಗೆ ಹೇಗೆ ಬಂತು? ಗಂಟು ಕೆಟ್ಟದ್ದೆಂದು ಗೊತ್ತಿದ್ದು, ತಮ್ಮ ಬೆನ್ನು ಬಿಡುವುದಿಲ್ಲವೆಂದು ಕಂಡು, ಕುಂತಲ್ಲೇ ಒಂದು ಕಥೆ ಕಟ್ಟಿ ಸಮಾಧಾನ ಮಾಡುತ್ತಿದ್ದಾನೆಯೇ?

ಅವನು ಚೀಲವನ್ನು ಅಣ್ಣನ ಕಡೆ ಮತ್ತೆ ತಳ್ಳಿದ.

"ಎತ್ತು. ಅಪ್ಪ ಹಂಗ ಸತ್ತಾನಂತ ಎತ್ತು."

ಗುಡ್ಡಪ್ಪ ಅವನನ್ನೇ ನೋಡಿದ. ಮುಖದಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟಿದ್ದರೆ ಉದ್ದಪ್ಪನಿಗೆ ಧೈರ್ಯ ಬರುತ್ತಿತ್ತು.

"ಅವನ ರಕ್ತಾ ಬಳದ ಕೈ ಇದು. ಇದಕ್ಕೂ ಭಂಡಾರ ಬೇಡತಿ?"

"ಬೇಡತೇನಿ. ನೀ ಇವತ್ತಿನತನಕ ಹೇಳಿದ್ದು ಎಲ್ಲಾ ಸುಳ್ಳ ಆದ ಮ್ಯಾಲ, ಇದೊಂದು ಖರೆ ಅಂತ ಹೆಂಗ ತಿಳೀಲಿ? ಎತ್ತಿದ್ರ ಎತ್ತು. ಇಲ್ಲಾಂದ್ರ ನನ್ನ ಕಣ್ಣ ಮುಂದ ಇರಬ್ಯಾಡ."

"ಹಂಗ ಅನಬ್ಯಾಡ್ರಿ, ಹಿರ್ಯಾರು ಅವರು," ಎಂದಳು ತಾಯವ್ವ.

ಗುಡ್ಡಪ್ಪ ಎದ್ದು ಗೂಟದ ಮೇಲಿನ ಕಂಬಳಿ ಹೆಗಲಿಗೆ ಹಾಕಿಕೊಂಡ. ಬಾಗಿಲಲ್ಲಿ ಮಾಯವ್ವ ಕೊಡ ಹೊತ್ತು ಒಳಗೆ ಬರುತ್ತಿದ್ದಳು. ಅವನು ಸರಿದು ದಾರಿ ಬಿಟ್ಟ. "ಹುಷಾರಲೇ ಮಗಳ, ಹೊಸ್ತಲಾ ತೊಯ್ದೈತಿ" ಎಂದ. ಮೆಟ್ಟು ಹಾಕಿಕೊಂಡು ಗೋಕಾಕದ ದಾರಿ ಹಿಡಿದ.

"ದೊಡ್ಡಪ್ಪ ಎಲ್ಲಿ ಹೊಂಟಾನ?" ಎಂದಳು ಮಾಯವ್ವ.

ತಾಯವ್ವ ಗಂಡನ ಕಡೆ ತಿರುಗಿ, "ಕರೀರಿ ಅವರನ್ನ. ಇನ್ನೂ ಗುಡಿ ದಾಟಿಲ್ಲ" ಎಂದಳು.

"ಬರ್ತಾನ. ಎಲ್ಲಿ ಹೋಗ್ತಾನ?" ಎಂದ ಉದ್ದಪ್ಪ. "ಮುಂಜಾನೆ ಒಲಿ ಹಚ್ಚಬೇಕು."

ಮುಂಜಾನೆ ಒಲೆಯನ್ನು ಕರೆಪ್ಪನ ಆಳು ಹಚ್ಚಿದ. ಗುಡ್ಡಪ್ಪನನ್ನು ಹುಕ್ಕೇರಿಯ ಬಸ್ಸಿನಲ್ಲಿ ಕಂಡೆನೆಂದು ಒಬ್ಬ ಹೇಳಿದ. ಬೆಳಗಾವಿಯ ಬಸ್ಸಿನಲ್ಲಿ ಕಂಡೆನೆಂದು ಇನ್ನೊಬ್ಬ. ಉದ್ದಪ್ಪ ಇಬ್ಬರನ್ನೂ ನಂಬಲಿಲ್ಲ. ಗುಡ್ಡಪ್ಪ ಮನೆಗೆ ಮತ್ತೆ ಬರಲಿಲ್ಲ.